ನಾಲ್ಕು ಗೇಮ್‌ಗಳು, ಒಂದು ದಖ್ಖನ್

ಇತಿಹಾಸ ಸರಣಿಯ ಈ ವಾರದ ಮಾತಿನ ಬರಹರೂಪ ಇದು. ಕ್ಯಾಬ್‌ನಲ್ಲಿ ಗಚ್ಚಿಬೌಲಿ ಫ್ಲೈಓವರ್ ದಾಟೋ ಹೊತ್ತಿಗೆ ಓದಿ ಮುಗಿಸಬಹುದು ಅಂದ್ಕೊಂಡಿದ್ದೀನಿ. ಟ್ರಾಫಿಕ್ ಹೇಗಿರುತ್ತೆ ಅಂತ ನಿಮಗೇ ಗೊತ್ತು.

ಈ ಸಲದ ವಿಷಯ ಸ್ವಲ್ಪ ಬೇರೆ. ಕಳೆದ ಕೆಲವು ತಿಂಗಳಲ್ಲಿ ನಾನು ಆಡಿದ ಗೇಮ್‌ಗಳ ಬಗ್ಗೆ ಮಾತಾಡ್ತೀನಿ. ಏಜ್ ಆಫ್ ಎಂಪೈರ್ಸ್‌ನ ಎರಡನೆಯದು, ಮೂರನೆಯದು, ಯುರೋಪಾ ಯೂನಿವರ್ಸಾಲಿಸ್ ನಾಲ್ಕು, ಆಮೇಲೆ ಸಿವಿಲೈಸೇಶನ್ ಏಳು. ಗ್ರಾಫಿಕ್ಸ್ ಹೇಗಿದೆ, ಲ್ಯಾಪ್‌ಟಾಪ್ ಎಷ್ಟು ಬಿಸಿಯಾಗುತ್ತೆ ಅಂತ ಹೇಳೋಕೆ ಬೇರೆ ಚಾನೆಲ್‌ಗಳು ಬೇಕಾದಷ್ಟಿವೆ. ನಾನು ನೋಡೋದು ಒಂದೇ: ಈ ಗೇಮ್‌ಗಳ ನಿಯಮಗಳು ನಮ್ಮ ದಖ್ಖನ್ ಬಗ್ಗೆ ಏನು ಹೇಳ್ತಿವೆ, ಅದು ನಿಜವಾ?

ನಿಯಮ ಅಂತ ಯಾಕೆ ಹೇಳ್ತಿದ್ದೀನಿ ಅಂದ್ರೆ, ಪುಸ್ತಕದಲ್ಲಿ ಬರೆದದ್ದನ್ನ ನಾವು ಓದ್ತೀವಿ, ಒಪ್ತೀವಿ ಅಥವಾ ಬಿಡ್ತೀವಿ. ಗೇಮ್‌ನಲ್ಲಿ ಹಾಗಲ್ಲ. ಗೆಲ್ಲಬೇಕು ಅಂದ್ರೆ ಅದರ ನಿಯಮದ ಹಾಗೇ ಯೋಚನೆ ಮಾಡಬೇಕು. ನೂರು ಗಂಟೆ ಹಾಗೆ ಯೋಚಿಸಿದ ಮೇಲೆ "ಇತಿಹಾಸ ನಡೆದದ್ದೇ ಹೀಗೆ" ಅಂತ ತಲೆಯಲ್ಲಿ ಕೂತುಬಿಡುತ್ತೆ.

ಹೈದರಾಬಾದಿನಲ್ಲಿರೋ ನಮಗೆ ಇದು ಇನ್ನೂ ಮುಖ್ಯ. ಇಲ್ಲಿ ಹುಟ್ಟಿ ಬೆಳೆಯೋ ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗು ಕಲೀತಾರೆ, 2018ರ ಕಾನೂನಿನ ಪ್ರಕಾರ ಕಲೀಲೇಬೇಕು, ಕಲೀಲಿ, ಒಳ್ಳೇದೇ. ಜೊತೆಗೆ ಇಂಗ್ಲಿಷು, ಹಿಂದಿ. ಕಾಚಿಗುಡದಲ್ಲಿ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. ಆದರೆ ಕೊಂಡಾಪುರ, ಮಣಿಕೊಂಡದ ಅಪಾರ್ಟ್‌ಮೆಂಟ್‌ಗಳಿಂದ ಅಲ್ಲಿಗೆ ಹೋಗೋರು ಎಷ್ಟು ಜನ? ಚಾಲುಕ್ಯ, ರಾಷ್ಟ್ರಕೂಟ ಅನ್ನೋ ಹೆಸರು ಈ ಮಕ್ಕಳು ಮೊದಲು ಕೇಳೋದೇ ಗೇಮ್‌ನಲ್ಲಿ ಇರಬಹುದು. ನಮ್ಮಕ್ಕನ ಮಗ ಹತ್ತನೇ ಕ್ಲಾಸು. ನನ್ನ ಪಕ್ಕ ಕೂತು ಸಿವಿಲೈಸೇಶನ್ ಪಟ್ಟಿ ಸ್ಕ್ರೋಲ್ ಮಾಡ್ತಾ ಕೇಳಿದ, "ಮಾಮ, ಇದರಲ್ಲಿ ನಾವು ಯಾರು?" ಅಂತ. ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದದ್ದೇ ಈ ಮಾತು.

ಚಾರ್‌ಮಿನಾರ್‌ನಿಂದ ಹೊರಡೋ ಮನ್ಸಬ್‌ದಾರರು

ಮೊದಲು ಹಳೇದು. ಏಜ್ ಆಫ್ ಎಂಪೈರ್ಸ್ ಮೂರಕ್ಕೆ 2007ರಲ್ಲಿ ಏಷ್ಯನ್ ಡೈನಾಸ್ಟೀಸ್ ಅನ್ನೋ ವಿಸ್ತರಣೆ ಬಂತು. ಅದರಲ್ಲಿ ಇಂಡಿಯನ್ಸ್ ಒಂದು ಪಕ್ಷ. ಏಷ್ಯಾದ ಪಕ್ಷಗಳು ಮುಂದಿನ ಯುಗಕ್ಕೆ ಹೋಗಬೇಕಾದರೆ ಒಂದೊಂದು ಅದ್ಭುತ ಕಟ್ಟಡ ಕಟ್ಟಬೇಕು. ನಮ್ಮವರ ಪಟ್ಟಿಯಲ್ಲಿ ತಾಜ್‌ಮಹಲ್, ಆಗ್ರಾ ಕೋಟೆ, ಕರ್ಣಿಮಾತಾ ಗುಡಿ, ಚಿತ್ತೋಡದ ವಿಜಯಸ್ತಂಭ, ಜೊತೆಗೆ ಚಾರ್‌ಮಿನಾರ್ ಗೇಟ್ ಇವೆ.

ಹೈದರಾಬಾದಿನವನಾಗಿ ಖುಷಿಯಾಗುತ್ತೆ, ಸುಳ್ಳು ಹೇಳಲ್ಲ. ಆದರೆ ಚಾರ್‌ಮಿನಾರ್ ಕಟ್ಟಿದ ಮೇಲೆ ಅದರಿಂದ ತಯಾರಾಗೋದು ಮನ್ಸಬ್‌ದಾರರು! ಮನ್ಸಬ್ ಅನ್ನೋದು ಅಕ್ಬರ್ 1570ರ ದಶಕದಲ್ಲಿ ರೂಪಿಸಿದ ಮೊಘಲ್ ಅಧಿಕಾರಿಗಳ ಶ್ರೇಣಿ. ಚಾರ್‌ಮಿನಾರ್ ಕಟ್ಟಿಸಿದ್ದು 1591ರಲ್ಲಿ, ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್ ಷಾ. ಮೊಘಲರು ಗೋಲ್ಕೊಂಡ ಹಿಡಿದದ್ದು 1687ರಲ್ಲಿ, ಸುಮಾರು ಎಂಟು ತಿಂಗಳ ಮುತ್ತಿಗೆ ಆದಮೇಲೆ, ಅದೂ ಒಳಗಿನವನೊಬ್ಬ ಬಾಗಿಲು ತೆಗೆದಿದ್ದರಿಂದ. ಅದರ ಹಿಂದಿನ ವರ್ಷ, 1686ರಲ್ಲಿ, ವಿಜಯಪುರ ಬಿದ್ದಿತ್ತು. ಅಂದ್ರೆ ಯಾರ ವಿರುದ್ಧ ಈ ಊರು ನೂರು ವರ್ಷ ನಿಂತಿತ್ತೋ ಅವರ ಸೈನ್ಯವನ್ನೇ ಈ ಊರಿನ ಕಟ್ಟಡ ಹೆರುತ್ತೆ.

ಇದನ್ನ ಸಣ್ಣ ತಪ್ಪು ಅಂತ ಬಿಟ್ಟುಬಿಡಬಹುದು. ಆದರೆ ಇದರ ಹಿಂದಿರೋ ನಂಬಿಕೆ ಸಣ್ಣದಲ್ಲ. ಭಾರತ ಅಂದ್ರೆ ದಿಲ್ಲಿ-ಆಗ್ರಾ, ಉಳಿದದ್ದೆಲ್ಲ ಅದರ ಅಲಂಕಾರ ಅನ್ನೋದು ಆ ನಂಬಿಕೆ. ಗೇಮ್ ಆಗಿ ಈಗಲೂ ಆಡಬಹುದು, ಆನೆಗಳ ಸದ್ದು ಚೆನ್ನಾಗಿದೆ. ದಖ್ಖನ್ ಹುಡುಕೋರಿಗೆ ಅಲ್ಲೇನೂ ಸಿಗಲ್ಲ.

ಉಕ್ಕು ಇದೆ, ಕುದುರೆ ಇಲ್ಲ

ಏಜ್ ಆಫ್ ಎಂಪೈರ್ಸ್ ಎರಡು ನಮ್ಮ ತಲೆಮಾರಿನ ಗೇಮ್. 1999ರಲ್ಲಿ ಬಂತು. ಕಾಲೇಜು ಹಾಸ್ಟೆಲ್ ಲ್ಯಾನ್‌ನಲ್ಲಿ ಆಡದವರು ಕಡಿಮೆ. 2022ರ ಏಪ್ರಿಲ್‌ನಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನೋ ವಿಸ್ತರಣೆ ಬಂತು. ಅಲ್ಲಿತನಕ ಇಂಡಿಯನ್ಸ್ ಅಂತ ಒಂದೇ ಪಕ್ಷ ಇತ್ತು. ಅದನ್ನ ಹಿಂದುಸ್ತಾನಿಗಳು ಅಂತ ಮಾಡಿ, ಬಂಗಾಳಿಗಳು, ಗುರ್ಜರರು, ದ್ರವಿಡಿಯನ್ಸ್ ಅಂತ ಮೂರು ಹೊಸ ಪಕ್ಷ ಸೇರಿಸಿದರು. ಒಳ್ಳೇ ಹೆಜ್ಜೆ.

ನಾವು ದ್ರವಿಡಿಯನ್ಸ್ ಒಳಗೆ ಬರ್ತೀವಿ ಅಂತ ಲೆಕ್ಕ. ಸೈನಿಕನ ಮೇಲೆ ಕ್ಲಿಕ್ ಮಾಡಿದರೆ ತಮಿಳಿನಲ್ಲಿ ಉತ್ತರ ಕೊಡ್ತಾನೆ. ಕ್ಯಾಂಪೇನ್ ರಾಜೇಂದ್ರ ಚೋಳನದು. ಅದರ ಬಗ್ಗೆ ನನಗೆ ಜಗಳ ಇಲ್ಲ, ರಾಜೇಂದ್ರನ ನೌಕಾಪಡೆ ಕಡಲು ದಾಟಿ ಶ್ರೀವಿಜಯದ ತನಕ ಹೋದ ಕಥೆ ಗೇಮ್‌ಗೆ ಹೇಳಿಮಾಡಿಸಿದ್ದು. ಆದರೆ ಆ ಕಾಲದ ದಖ್ಖನ್‌ನಲ್ಲಿ ಚೋಳರಿಗೆ ಎದುರಾಗಿ ನಿಂತವರು ಕಲ್ಯಾಣದ ಚಾಲುಕ್ಯರು. ಕಲ್ಯಾಣ ಅಂದ್ರೆ ಇವತ್ತಿನ ಬಸವಕಲ್ಯಾಣ, ನಾವು ಮುಂಬೈ ಹೈವೇಯಲ್ಲಿ ಬಸ್ಸಲ್ಲಿ ಹೋಗ್ತಾ ಬೋರ್ಡು ನೋಡೋ ಊರು. 1007ರ ಹೊಟ್ಟೂರು ಶಾಸನ ಕನ್ನಡದಲ್ಲಿದೆ. ಚೋಳ ಸೈನ್ಯ ಇವತ್ತಿನ ವಿಜಯಪುರ ಜಿಲ್ಲೆಯ ದೋಣೂರಿನ ತನಕ ಬಂದು, ಹೆಂಗಸರು ಮಕ್ಕಳು ಅನ್ನದೆ ಕೊಂದು, ನಾಡು ಸೂರೆ ಮಾಡಿತು, ಆಮೇಲೆ ಸತ್ಯಾಶ್ರಯ ಅವರನ್ನ ಹಿಮ್ಮೆಟ್ಟಿಸಿದ ಅಂತ ಅದು ಹೇಳುತ್ತೆ. ಶತ್ರುವಿನ ಬಗ್ಗೆ ಬರೆಸಿದ್ದು, ಸ್ವಲ್ಪ ಹೆಚ್ಚೇ ಬರೆದಿರಬಹುದು. ಚೋಳರ ತಮಿಳು ಶಾಸನಗಳಲ್ಲೂ ಹಾಗೇ, ಅಲ್ಲಿ ಅದೇ ದಂಡಯಾತ್ರೆ ಬರೀ ವಿಜಯ. 1050ರ ದಶಕದ ಕೊಪ್ಪಂ ಯುದ್ಧದಲ್ಲಿ ರಾಜಾಧಿರಾಜ ಚೋಳ ಆನೆಯ ಮೇಲೇ ಸತ್ತ. ಚೋಳರು ಅವನನ್ನ ಆ ಹೆಸರಿನಿಂದಲೇ ನೆನಪಿಟ್ಟುಕೊಂಡರು. ಇಷ್ಟು ದೊಡ್ಡ ಜಗಳದ ಎರಡೂ ಕಡೆಯವರನ್ನ ಗೇಮ್ ಒಂದೇ ಬಣ್ಣದ ಬಟ್ಟೆ ಹಾಕಿ ದ್ರವಿಡಿಯನ್ಸ್ ಅನ್ನುತ್ತೆ.

ಇನ್ನು ನಿಯಮಕ್ಕೆ ಬರೋಣ. ದ್ರವಿಡಿಯನ್ಸ್‌ಗೆ ಕೊನೆಯ ಯುಗದಲ್ಲಿ ಸಿಗೋ ವಿಶೇಷ ತಂತ್ರಜ್ಞಾನದ ಹೆಸರು ವೂಟ್ಸ್ ಸ್ಟೀಲ್. ಅದು ಬಂದಮೇಲೆ ನಿಮ್ಮ ಕಾಲಾಳು, ಸವಾರರ ಹೊಡೆತಕ್ಕೆ ಎದುರಾಳಿಯ ಕವಚ ಲೆಕ್ಕಕ್ಕೇ ಬರಲ್ಲ. ನೂರಾರು ಸಲ ಈ ಬಟನ್ ಒತ್ತಿದವರಿಗೆ ಒಂದು ಮಾತು: ಈ ವೂಟ್ಸ್ ನಮ್ಮ 'ಉಕ್ಕು'. ಹದಿನೆಂಟನೇ ಶತಮಾನದ ಕೊನೆಗೆ ಇಂಗ್ಲಿಷರ ಬರಹದಲ್ಲಿ ಉಕ್ಕು ಅನ್ನೋದು 'ವೂಕ್' ಆಗಿ, ಅದು ಕೈತಪ್ಪಿ ಅಥವಾ ಕಿವಿತಪ್ಪಿ 'ವೂಟ್ಸ್' ಆಯ್ತು ಅನ್ನೋದು ಹೆಚ್ಚಿನವರು ಒಪ್ಪೋ ವಿವರಣೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ಬಗ್ಗೆ ಪ್ರಬಂಧವನ್ನೇ ಬರೆದ. ಕನ್ನಡದಲ್ಲೂ ಉಕ್ಕು, ತೆಲುಗಿನಲ್ಲೂ ಉಕ್ಕು. ಯಾರದು ಅಂತ ಆಫೀಸಿನ ತೆಲುಗು ಗೆಳೆಯರ ಜೊತೆ ಜಗಳ ಆಡಬೇಡಿ, ಇಬ್ಬರದೂ.

ಇದನ್ನ ಮಾಡ್ತಿದ್ದ ಪ್ರಸಿದ್ಧ ಜಾಗಗಳಲ್ಲಿ ಒಂದು ಕೋನಸಮುದ್ರಂ, ಇವತ್ತಿನ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಹಳ್ಳಿ. ಹೆನ್ರಿ ವಾಯ್ಸಿ ಅನ್ನೋ ಭೂವಿಜ್ಞಾನಿ ಅಲ್ಲಿನ ಕೆಲಸ ಕಣ್ಣಾರೆ ನೋಡಿ ಬರೆದ ವರದಿ 1832ರಲ್ಲಿ ಅಚ್ಚಾಯ್ತು. ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಹಾಕಿ, ಮುಚ್ಚಿ, ತಾಸುಗಟ್ಟಲೆ ತಿದಿ ಒತ್ತಿ ಕರಗಿಸಿ, ನಿಧಾನಕ್ಕೆ ಆರಿಸೋದು. ಪರ್ಷಿಯಾದ ವ್ಯಾಪಾರಿಗಳು ಅಲ್ಲೇ ಬಂದು ಗಟ್ಟಿ ಕೊಳ್ತಿದ್ದರು. ಮೈಸೂರು ಸೀಮೆಯ ಮೂಸೆ ಉಕ್ಕಿನ ಬಗ್ಗೆ 1800ರ ಸುಮಾರಿಗೆ ಫ್ರಾನ್ಸಿಸ್ ಬುಕಾನನ್ ಬರೆದಿದ್ದಾನೆ. ಡಮಾಸ್ಕಸ್ ಕತ್ತಿ ಅಂತ ಜಗತ್ತು ಹೊಗಳಿದ್ದರ ಹಿಂದೆ ಇಂಥ ಹಳ್ಳಿಗಳ ಕಮ್ಮಾರರಿದ್ದಾರೆ. ಗೇಮ್‌ನಲ್ಲಿ ಅದು ಕೋಟೆಯೊಳಗೆ ರಾಜ ದುಡ್ಡು ಕೊಟ್ಟು ಕೊಳ್ಳೋ ಸಂಶೋಧನೆ. ಇತಿಹಾಸದಲ್ಲಿ ಅದು ಹಳ್ಳಿಯ ಕಸುಬು, ಸರಕಾಗಿ ಹೊರದೇಶಕ್ಕೆ ಹೋಗಿದ್ದು.

ಕುದುರೆ ವಿಷಯ ಇನ್ನೂ ಮಜಾ. ದ್ರವಿಡಿಯನ್ಸ್‌ಗೆ ನೈಟ್ ಸಾಲಿನ ಭಾರೀ ಕುದುರೆ ಸವಾರರೇ ಇಲ್ಲ, ಆನೆ ಇದೆ. ತಕ್ಕಮಟ್ಟಿಗೆ ಸರಿ, ನಮ್ಮ ಹವೆಯಲ್ಲಿ ಒಳ್ಳೇ ಯುದ್ಧಕುದುರೆ ಬೆಳೀತಿರಲಿಲ್ಲ. ಆದರೆ ಅದಕ್ಕೇ ಅಲ್ವಾ ವಿಜಯನಗರದವರು ಕುದುರೆಗೆ ಜೀವ ಬಿಡ್ತಿದ್ದಿದ್ದು? ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದ ಪ್ರಕಾರ ವಿಜಯನಗರದ ರಾಜ ವರ್ಷಕ್ಕೆ 13,000 ಹೊರ್ಮುಜ್ ಕುದುರೆ ಕೊಳ್ತಿದ್ದ. ಅದಕ್ಕೂ ಮುಂಚಿನ ಸಾಳುವ ನರಸಿಂಹನ ಬಗ್ಗೆ ಅವನೇ ಹೇಳೋದು: ಹಡಗಿನಲ್ಲಿ ಕುದುರೆ ಸತ್ತರೆ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯೇ ಸಿಗ್ತಿತ್ತಂತೆ. ವ್ಯಾಪಾರಿ ಬೇರೆ ಬಂದರಿಗೆ, ಬೇರೆ ರಾಜನ ಹತ್ತಿರ ಹೋಗಬಾರದು, ಅಷ್ಟೇ. ಇವತ್ತಿನ ಭಾಷೆಯಲ್ಲಿ ಸಪ್ಲೈ ಚೈನ್ ರಿಸ್ಕ್ ಪೂರಾ ರಾಜನೇ ಹೊತ್ತ. ಭಟ್ಕಳ, ಹೊನ್ನಾವರ, ಗೋವಾ ಬಂದರುಗಳಿಗಾಗಿ ನಡೆದ ಪೈಪೋಟಿಯ ಒಂದು ದೊಡ್ಡ ಕಾರಣ ಇದು. "ನಿಮಗೆ ಕುದುರೆ ಇಲ್ಲ" ಅನ್ನೋ ನಿಯಮಕ್ಕಿಂತ "ಬಂದರು ಹಿಡಿದರೆ ಮಾತ್ರ ಕುದುರೆ" ಅನ್ನೋ ನಿಯಮ ಇದ್ದಿದ್ದರೆ ಆಟವೂ ಚೆನ್ನಾಗಿರ್ತಿತ್ತು, ಇತಿಹಾಸವೂ ಸರಿ ಇರ್ತಿತ್ತು.

ರಾಯಚೂರಿಗೆ ಒಂದೇ ಬಣ್ಣ

ಯುರೋಪಾ ಯೂನಿವರ್ಸಾಲಿಸ್ ನಾಲ್ಕು 2013ರದು. ಶುರುವಾಗೋ ದಿನ 1444ರ ನವೆಂಬರ್ 11. ನಕ್ಷೆ ತೆರೆದರೆ ವಿಜಯನಗರ ಇದೆ, ಬಹಮನಿ ಇದೆ. ವಿಜಯನಗರದ ಸಂಸ್ಕೃತಿ ಅನ್ನೋ ಜಾಗದಲ್ಲಿ ಕನ್ನಡ ಅಂತ ಬರೆದಿದೆ. ಮೊದಲ ಸಲ ನೋಡಿದಾಗ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ನಾನು ಆಡಿದ ಗೇಮ್‌ಗಳಲ್ಲಿ ದಖ್ಖನ್‌ಗೆ ಹೆಚ್ಚು ಮರ್ಯಾದೆ ಕೊಟ್ಟಿರೋದು ಇದೇ.

ಇದರಲ್ಲಿ ತುಂಬಾ ಸರಿಯಾಗಿರೋದು ಒಕ್ಕೂಟದ ನಿಯಮ. ನೀವು ಸುತ್ತಲಿನವರ ನೆಲ ಬೇಗಬೇಗ ನುಂಗ್ತಾ ಹೋದರೆ ನಿಮ್ಮ ಮೇಲೆ ಅಗ್ರೆಸಿವ್ ಎಕ್ಸ್‌ಪ್ಯಾನ್ಷನ್ ಅನ್ನೋ ಅಂಕ ಏರುತ್ತೆ. ಒಂದು ಮಿತಿ ದಾಟಿದರೆ ಪರಸ್ಪರ ಆಗದವರೂ ಸೇರಿ ನಿಮ್ಮ ಮೇಲೆ ಬೀಳ್ತಾರೆ. 1565ರ ಜನವರಿ 23ರಂದು ಕೃಷ್ಣೆಯ ದಂಡೆಯಲ್ಲಿ, ರಕ್ಕಸಗಿ-ತಂಗಡಗಿ ಹತ್ತಿರ ನಡೆದದ್ದು ಇದೇ. ಅಳಿಯ ರಾಮರಾಯ ಇಪ್ಪತ್ತು ವರ್ಷ ಸುಲ್ತಾನರನ್ನ ಒಬ್ಬರ ಮೇಲೊಬ್ಬರನ್ನ ಎತ್ತಿಕಟ್ಟಿ ಆಡಿಸಿದ. ಕೊನೆಗೆ ಅಹಮದ್‌ನಗರ, ವಿಜಯಪುರ, ಗೋಲ್ಕೊಂಡ, ಬೀದರ್ ಒಂದಾದರು.

ಆದರೆ ಧರ್ಮದ ನಕ್ಷೆ ಒತ್ತಿ ನೋಡಿ. ವಿಜಯನಗರ ಒಂದು ಬಣ್ಣ, ಸುಲ್ತಾನರ ಅರಮನೆ ಇನ್ನೊಂದು. ಆಡೋ ಹುಡುಗ ಇದನ್ನ ಎರಡು ಧರ್ಮದ ಯುದ್ಧ ಅಂತಲೇ ಓದ್ತಾನೆ. ಈಗ ಆ ದಿನದ ಯುದ್ಧಭೂಮಿಯಲ್ಲಿದ್ದವರನ್ನ ನೋಡಿ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ತನ್ನಣ್ಣನಿಗೆ ಹೆದರಿ 1543ರಿಂದ 1550ರ ತನಕ, ಏಳು ವರ್ಷ, ವಿಜಯನಗರದಲ್ಲಿ ರಾಮರಾಯನ ಆಶ್ರಯದಲ್ಲಿದ್ದ. ಮುಂದೆ ತೆಲುಗು ಕವಿಗಳಿಗೆ ಆಶ್ರಯ ಕೊಟ್ಟ, ಅವರ ಬಾಯಲ್ಲಿ ಅವನು ಮಲ್ಕಿಭರಾಮ. ವಿಜಯಪುರದ ಅಲಿ ಆದಿಲ್ ಷಾ, ರಾಮರಾಯನ ಮಗ ತೀರಿಕೊಂಡಾಗ ಹಂಪಿಗೇ ಹೋಗಿ ಸಂತಾಪ ಹೇಳಿ, ಮಗನಂತೆ ಸ್ವೀಕಾರ ಪಡೆದವನು. ಸ್ವತಃ ರಾಮರಾಯ ವಯಸ್ಸಿನಲ್ಲಿ ಗೋಲ್ಕೊಂಡದ ನೌಕರಿ ಮಾಡಿದ್ದ ಅಂತ ಗೋಲ್ಕೊಂಡದ ಚರಿತ್ರೆಯೊಂದು ಹೇಳುತ್ತೆ. ಇನ್ನೂ ನೂರು ವರ್ಷ ಹಿಂದೆ, ಗೇಮ್ ಶುರುವಾಗೋ ದಿನ ಸಿಂಹಾಸನದಲ್ಲಿದ್ದ ಎರಡನೇ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಂ ಬಿಲ್ಲುಗಾರರನ್ನ ಸೇರಿಸಿ, ಅವರು ವಂದಿಸೋಕೆ ಮುಜುಗರ ಪಡಬಾರದು ಅಂತ ತನ್ನ ಮುಂದೆ ಕುರಾನ್ ಇಡಿಸಿದ್ದ ಅಂತ ಫೆರಿಷ್ತಾ ಬರೀತಾನೆ. ಇವರ್ಯಾರೂ ಸಂತರಲ್ಲ. ಹಂಪಿ ಹಾಳಾಯ್ತು, ಅದು ಸುಳ್ಳಲ್ಲ. ಆದರೆ ಯಾಕೆ ಹೊಡೆದಾಡಿದರು ಅನ್ನೋದಕ್ಕೆ ಬಣ್ಣ ಉತ್ತರ ಕೊಡಲ್ಲ.

ಇಂಜಿನಿಯರ್ ಕಣ್ಣಲ್ಲಿ ನೋಡಿದರೆ ಇದು ಡೇಟಾ ಮಾಡೆಲ್ ಸಮಸ್ಯೆ. ಈ ಗೇಮ್‌ನಲ್ಲಿ ಒಂದು ಸೀಮೆಗೆ ಧರ್ಮ ಒಂದೇ, ಸಂಸ್ಕೃತಿ ಒಂದೇ. ಒಂದು ಫೀಲ್ಡ್, ಒಂದು ವ್ಯಾಲ್ಯೂ. ಈಗ ರಾಯಚೂರು ಕೋಟೆಗೆ ಹೋಗಿ. ಅಲ್ಲಿನ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನ, ಕೋಟೆ ಕಟ್ಟಿಸಿದ್ದು ಓರುಗಲ್ಲಿನ ಕಾಕತೀಯರ ಕಡೆಯವರು. ಆಮೇಲೆ ಬಹಮನಿ, ಆದಿಲ್ ಷಾಹಿ, ವಿಜಯನಗರ, ಮತ್ತೆ ಆದಿಲ್ ಷಾಹಿ, ಕೊನೆಗೆ ನಿಜಾಮ. ಸುತ್ತಲಿನ ಊರಿನ ಮಾತು ಕನ್ನಡ. ಯಾವ ವ್ಯಾಲ್ಯೂ ತುಂಬ್ತೀರಿ? ಇದರ ಮುಂದಿನ ಗೇಮ್, ಯುರೋಪಾ ಯೂನಿವರ್ಸಾಲಿಸ್ ಐದು, 2025ರ ನವೆಂಬರ್‌ನಲ್ಲಿ ಬಂತು. ಅದರಲ್ಲಿ ಒಂದೇ ಜಾಗದಲ್ಲಿ ಬೇರೆಬೇರೆ ಭಾಷೆ, ಧರ್ಮದ ಜನಸಂಖ್ಯೆ ಒಟ್ಟಿಗೆ ಇರಬಹುದು. ಸ್ಕೀಮಾ ಬದಲಾಯಿಸಿದ್ದಾರೆ. ನನ್ನ ಪ್ರಕಾರ ಗ್ರಾಫಿಕ್ಸ್‌ಗಿಂತ ಇದೇ ದೊಡ್ಡ ಸುಧಾರಣೆ.

ಇನ್ನೊಂದು ದೂರು ಇದೆ. ನಾಲ್ಕರಲ್ಲಿ ಸೈನ್ಯದ ತಂತ್ರಜ್ಞಾನ ಬರೋದು ರಾಜನ ಮಿಲಿಟರಿ ಪಾಯಿಂಟ್‌ನಿಂದ. ಹಿಂದಿನ ಯುದ್ಧದಲ್ಲಿ ಏನಾಯ್ತು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. 1520ರ ರಾಯಚೂರು ಯುದ್ಧ ತಗೊಳ್ಳಿ. ಇಸ್ಮಾಯಿಲ್ ಆದಿಲ್ ಷಾನ ಹತ್ತಿರ ತೋಪುಗಳ ರಾಶಿಯೇ ಇತ್ತು. ಕೃಷ್ಣದೇವರಾಯನ ಕಡೆ ತೋಪಿನ ಬಲ ಅಷ್ಟಿರಲಿಲ್ಲ. ಆದರೂ ಗೆದ್ದವನು ರಾಯ. ಕೋಟೆ ಮುತ್ತಿಗೆಯಲ್ಲಿ ಕ್ರಿಸ್ತೊವಾವ್ ದೆ ಫಿಗೆರೆದೊ ಅನ್ನೋ ಪೋರ್ಚುಗೀಸನ ಕೋವಿಕಾರರು ಗೋಡೆಯ ಮೇಲೆ ತಲೆ ಎತ್ತಿದವರನ್ನ ಹೊಡೆದರು, ಕೆಳಗೆ ಜನ ಕಲ್ಲು ಕಿತ್ತರು. ಇತಿಹಾಸಕಾರ ರಿಚರ್ಡ್ ಈಟನ್ ಈ ಯುದ್ಧದ ಮೇಲೆ ಒಂದು ಪ್ರಬಂಧ ಬರೆದಿದ್ದಾರೆ. ಅವರ ವಾದ ಏನಂದ್ರೆ, ಗೆದ್ದ ವಿಜಯನಗರ ತೋಪಿನ ವಿಷಯ ಅಷ್ಟಕ್ಕೇ ಬಿಟ್ಟಿತು, ಸೋತ ವಿಜಯಪುರ ತನ್ನ ತೋಪು, ಕೋಟೆ ಎರಡನ್ನೂ ತಿದ್ದಿಕೊಂಡಿತು. ಕೊತ್ತಲದ ಮೇಲೆ ತಿರುಗಿಸಬಹುದಾದ ದೊಡ್ಡ ತೋಪು ಕೂರಿಸಿದ್ದು ಆ ಕಾಲದಲ್ಲೇ. ನಲವತ್ತೈದು ವರ್ಷ ಆದಮೇಲೆ ಅದರ ಬೆಲೆ ಗೊತ್ತಾಯ್ತು. ನಮ್ಮಲ್ಲೂ ನೋಡಿ, ರಾತ್ರಿ ಮೂರಕ್ಕೆ ಪ್ರೊಡಕ್ಷನ್ ಬಿದ್ದ ಟೀಮು ಮಾನಿಟರಿಂಗ್ ಸರಿ ಮಾಡುತ್ತೆ. ಹೇಗೋ ರಿಲೀಸ್ ದಾಟಿದ ಟೀಮು ಕೇಕ್ ಕಟ್ ಮಾಡಿ ಮರೆತುಬಿಡುತ್ತೆ.

ಅಶೋಕನ ಹೆಸರು ಸಿಕ್ಕ ಊರು

ಸಿವಿಲೈಸೇಶನ್ ಏಳು 2025ರ ಫೆಬ್ರವರಿಯಲ್ಲಿ ಬಂತು. ಮೂರು ಯುಗ, ಯುಗ ಬದಲಾದಾಗ ನಿಮ್ಮ ನಾಗರಿಕತೆಯೂ ಬದಲಾಗುತ್ತೆ. ಭಾರತದ ದಾರಿ ಹೀಗೆ: ಮೌರ್ಯ, ಚೋಳ, ಮೊಘಲ್. ನಾಯಕರಲ್ಲಿ ಅಶೋಕ ಇದ್ದಾನೆ. ಆಟ ನನಗೆ ಇಷ್ಟ ಆಯ್ತು, ಯುಗ ಬದಲಾಗೋದು ಹಲವರಿಗೆ ಹಿಡಿಸಿಲ್ಲ, ನನಗೆ ಹಿಡಿಸಿತು. ಒಂದೇ ಊರು ಬೇರೆ ಕೈಗೆ ಹೋಗ್ತಾ ಉಳಿಯೋದು ದಖ್ಖನ್‌ನವರಿಗೆ ಹೊಸದಲ್ಲ.

ಆದರೆ ಈ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಅಕ್ಕನ ಮಗ ಕೇಳಿದ್ದು ಇದನ್ನೇ. ಅವನಿಗೆ ನಾನು ಹೇಳಿದ್ದು ಮಸ್ಕಿ ಕಥೆ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ. ಶಾಸನಗಳಲ್ಲಿ ರಾಜನ ಹೆಸರು ದೇವಾನಂಪ್ರಿಯ, ಪ್ರಿಯದರ್ಶಿ ಅಂತ ಮಾತ್ರ ಇತ್ತು. ಇವನೇ ಅಶೋಕ ಅಂತ ಸಿಂಹಳದ ಗ್ರಂಥಗಳ ಸಹಾಯದಿಂದ ಊಹಿಸಿದ್ದರು, ಕಲ್ಲಿನ ಮೇಲೆ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಬೀಡನ್ ಅನ್ನೋ ಗಣಿ ಇಂಜಿನಿಯರ್ ಚಿನ್ನ ಹುಡುಕ್ತಾ ಮಸ್ಕಿಯ ಬೆಟ್ಟದಲ್ಲಿ ಒಂದು ಬರಹ ಕಂಡ. ಅದರಲ್ಲಿ ಅಶೋಕ ಅನ್ನೋ ಹೆಸರೇ ಇತ್ತು. ಮಸ್ಕಿ ಇವತ್ತು ರಾಯಚೂರು ಜಿಲ್ಲೆ, ಆಗ ಹೈದರಾಬಾದ್ ಸಂಸ್ಥಾನ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನ ಓದಿ ಬರೆದದ್ದೇ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆ. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲೂ ಅದೇ ಹೆಸರು ಸಿಕ್ಕಿತು. ಸಾವಿರಕ್ಕೂ ಹೆಚ್ಚು ವರ್ಷ ಆದಮೇಲೆ ರಾಜೇಂದ್ರ ಚೋಳನೂ ಚಾಲುಕ್ಯ ಜಯಸಿಂಹನೂ ಕಾದಾಡಿದ ಮುಸಂಗಿ ಕೂಡ ಇದೇ ಮಸ್ಕಿ ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಮೌರ್ಯ ಮತ್ತು ಚೋಳ, ಗೇಮ್‌ನ ಎರಡು ಯುಗ, ನಮ್ಮ ಒಂದೇ ತಾಲ್ಲೂಕು ಕೇಂದ್ರದ ಮೇಲೆ ಹಾದುಹೋಗಿವೆ.

ಹಾಗಾದರೆ ಏನು ಮಾಡೋಣ

ಇಷ್ಟು ಹೇಳಿದ ಮೇಲೆ "ವಿದೇಶಿಯರು ನಮ್ಮನ್ನ ಬಿಟ್ಟರು" ಅಂತ ಗೋಳಾಡೋದು ನನ್ನ ಉದ್ದೇಶ ಅಲ್ಲ. ಸ್ವೀಡನ್ನಿನಲ್ಲಿ ಕೂತು ರಾಯಚೂರು ಬಗ್ಗೆ ಅಷ್ಟಾದರೂ ಯೋಚಿಸಿದ್ದಾರಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳಬೇಕು. ಪ್ರಶ್ನೆ ನಮಗೇ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾಗಿದ್ದು 1997ರಲ್ಲಿ. ಎರಡು ದಶಕ ಹೊರಗಿನ ದೊಡ್ಡ ಗೇಮ್‌ಗಳಿಗೆ ಕಲಾಕೆಲಸ ಮಾಡಿ, 2019ರಲ್ಲಿ ರಾಕ್‌ಸ್ಟಾರ್ ಪಾಲಾಯ್ತು. ಇದೇ ಹೈದರಾಬಾದಿನ ಸಣ್ಣ ತಂಡ ಓಗರ್ ಹೆಡ್ ಸ್ಟುಡಿಯೋ 2017ರಲ್ಲಿ ಅಸುರ ಅನ್ನೋ ಗೇಮ್ ತಂದಿತು, ಅದರಲ್ಲಿ ಆಡೋನು ಅಸುರನೇ. ಕೈಯಲ್ಲಿ ಕಸುಬಿದೆ, ಜನ ಇದ್ದಾರೆ. ಬೇರೆಯವರ ಕೋಟೆಗೆ ಕಲ್ಲು ಕೆತ್ತಿಕೊಟ್ಟಷ್ಟು ಶ್ರದ್ಧೆ ರಾಯಚೂರು ಕೋಟೆಗೂ ಸಿಗಬೇಕು.

ಸಿಕ್ಕರೆ ಆ ಗೇಮ್‌ಗೆ ನನ್ನ ಬೇಡಿಕೆ ನಾಲ್ಕು. ಕುದುರೆ ಬಂದರಿನಿಂದಲೇ ಬರಲಿ. ಉಕ್ಕು ಹಳ್ಳಿಯ ಕಮ್ಮಾರನ ಮೂಸೆಯಲ್ಲಿ ಆಗಲಿ, ಹಳ್ಳಿ ಹಾಳಾದರೆ ಉಕ್ಕೂ ಇಲ್ಲ. ಒಬ್ಬ ಸರದಾರನಿಗೆ ಭಾಷೆ, ಧರ್ಮ, ಉಪ್ಪು ತಿಂದ ಮನೆ ಬೇರೆಬೇರೆ ಇರಬಹುದು ಅಂತ ಮಾಡೆಲ್ ಒಪ್ಪಲಿ. ಸೋತವನು ಕಲಿಯೋಕೆ ದಾರಿ ಇರಲಿ.

ಕೊನೆಯದಾಗಿ ಒಂದು ಮಾತು. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯ ನಮ್ಮ ಅಜ್ಜಂದಿರಿಗೆ ಇದು ರಾಜಧಾನಿ. ಕೋರ್ಟು, ಕಾಲೇಜು, ಆಸ್ಪತ್ರೆ ಎಲ್ಲಕ್ಕೂ ಇಲ್ಲಿಗೇ ಬರ್ತಿದ್ದರು. ನಾವು ಆಫರ್ ಲೆಟರ್ ಹಿಡಿದು ಬಂದವರು, ಹೌದು. ಆದರೆ ನಮ್ಮ ಮಕ್ಕಳು ಇಲ್ಲಿ ಪರದೇಶಿಗಳ ಹಾಗೆ ಬೆಳೀಬೇಕಾಗಿಲ್ಲ, ಕನ್ನಡ ಇತಿಹಾಸ ಎಲ್ಲೋ ದೂರದ್ದು ಅಂದುಕೊಳ್ಳಬೇಕಾಗಿಲ್ಲ. ಮುಂದಿನ ಲಾಂಗ್ ವೀಕೆಂಡ್‌ಗೆ ರಾಯಚೂರು, ಮಸ್ಕಿ ಕಡೆ ಗಾಡಿ ತಿರುಗಿಸಿ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ರಾಯಚೂರಿನಲ್ಲಿ ಜೋಳದ ರೊಟ್ಟಿ. ಮಕ್ಕಳಿಗೆ ಆ 41 ಅಡಿ ಕಲ್ಲು ತೋರಿಸಿ, ತೆಲುಗು ಅಕ್ಷರ ಅವರೇ ಓದೋಕೆ ಪ್ರಯತ್ನ ಮಾಡ್ತಾರೆ.

ಮುಂದಿನ ಸಲ ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಬಗ್ಗೆ ಮಾತಾಡೋಣ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ವಿಜಯಪುರದ ಕೊತ್ತಲ ಹತ್ತಿದ್ದು ಹೇಗೆ ಅನ್ನೋದು ಒಳ್ಳೇ ಕಥೆ.